ಹಳೆ ಪದ್ಮಿನಿಯ ಕಾರ್ಬುರೇಟರ್ ಟ್ಯೂನ್ ಮಾಡುವಾಗ ಎಎಫ್‌ಆರ್ (ಗಾಳಿ-ಪೆಟ್ರೋಲ್ ಅನುಪಾತ) ಗೇಜ್‌ನಲ್ಲಿ ಎಷ್ಟು ಬರಬೇಕು?
ಬೆಳಗಾವಿಯಲ್ಲಿ ಓಡಿಸುವ ಪ್ರೀಮಿಯರ್ ಪದ್ಮಿನಿಗೆ ಗೇಜ್ ಹಾಕಿಸಿದ್ದೀರಿ, ಯಾವಾಗಲೂ 14.7 ಇರಬೇಕಾ ಎಂದು ಕೇಳಿದ್ದೀರಿ. ಬೇಡ. ಅದು ಎಥನಾಲ್ ಬೆರೆಸದ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಎಷ್ಟು ಪಟ್ಟು ಗಾಳಿ ಬೇಕು ಎನ್ನುವ ಲೆಕ್ಕ. ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಸುಮಾರು 13.5. ಗೇಜನ್ನು ಲ್ಯಾಂಬ್ಡಾಕ್ಕೆ (ಇರುವ ಗಾಳಿ ÷ ಬೇಕಾದ ಗಾಳಿ) ಹಾಕಿಕೊಳ್ಳಿ, ಗೊಂದಲ ಇರೋದಿಲ್ಲ: 1ಕ್ಕಿಂತ ಮೇಲಾದರೆ ಪೆಟ್ರೋಲ್ ಸಾಲುತ್ತಿಲ್ಲ, ಕೆಳಗಾದರೆ ಹೆಚ್ಚಾಗಿದೆ.

ಮೊದಲು ಇಗ್ನಿಷನ್ನಿನ ಕಾಂಟ್ಯಾಕ್ಟ್ ಪಾಯಿಂಟ್, ಸ್ಪಾರ್ಕ್ ಟೈಮಿಂಗ್ ಸರಿಮಾಡಿಸಿ. ಸೆನ್ಸರ್‌ಗಿಂತ ಮುಂಚೆ ಸೈಲೆನ್ಸರ್ ಪೈಪ್ ಲೀಕ್ ಇದ್ದರೆ ಹೊರಗಾಳಿ ಸೇರಿ ಗೇಜ್ ತಪ್ಪು ತೋರಿಸುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲ್ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ 0.95ರ ಸುತ್ತ ತನ್ನಿ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ 1.

ನಿಜವಾದ ಪರೀಕ್ಷೆ ಗೋವಾ ದಾರಿಯ ಚೋರ್ಲಾ ಘಾಟ್ ಏರುವಾಗ. ಗೇಜ್ ನೋಡಲು ಪಕ್ಕದಲ್ಲಿ ಒಬ್ಬರು ಇರಲಿ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ 0.85ರಿಂದ 0.88 ಬರಬೇಕು. 1 ದಾಟಿದರೆ ತಕ್ಷಣ ಕಾಲು ತೆಗೆಯಿರಿ, ಪಿಸ್ಟನ್ ಸುಟ್ಟೀತು. ಆಮೇಲೆ ಕಾರ್ಬುರೇಟರ್‌ನ ಮೇನ್ ಜೆಟ್ (ಪೆಟ್ರೋಲ್ ಹರಿಯುವ ತೂತು) ಒಂದು ಸೈಜ್ ದೊಡ್ಡದು ಹಾಕಿಸಿ.