ಆರನೇ ಪುಟದಿಂದ ಶುರು ಮಾಡಿ

ನಮಸ್ಕಾರ. ‘ವ್ಯವಹಾರ ನಿರ್ವಹಣೆಯಲ್ಲಿ ಸೂಕ್ಷ್ಮ ಅರ್ಥಶಾಸ್ತ್ರ’ ಎಂಬ ನಿಮ್ಮ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಮೊದಲ ಐದು ಪುಟಗಳಲ್ಲಿರುವುದು ಬಿ.ಕಾಂ. ನೋಟ್ಸು: ಬೇಡಿಕೆ, ಪೂರೈಕೆ, 1890ರಲ್ಲಿ ಪುಸ್ತಕ ಬರೆದ ಅರ್ಥಶಾಸ್ತ್ರಜ್ಞ ಮಾರ್ಷಲ್, ಸ್ಥಿತಿಸ್ಥಾಪಕತ್ವ (ದರ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬ ಅಳತೆ). ಆರನೆಯದರಲ್ಲಿ ಶಿಡ್ಲಘಟ್ಟದ ನಿಮ್ಮ ಸೋದರಮಾವ ಬರುತ್ತಾರೆ. ನೂಲಿನ ದರ ಕುಸಿದರೂ ಅವರು ರೇಷ್ಮೆ ರೀಲಿಂಗ್ ಘಟಕ, ಎಂದರೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಘಟಕ, ನಿಲ್ಲಿಸಿಲ್ಲ. ನಾಲ್ಕೇ ಸಾಲು, ಲೇಖನ ಇರುವುದು ಅಲ್ಲಿ.

ಎಡವಿರುವುದೂ ಅಲ್ಲಿಯೇ. ‘ನಷ್ಟದಲ್ಲೂ ನಡೆಸುವುದು ಬರೀ ಮೋಹ’ ಎಂದು ತೀರ್ಪು ಕೊಟ್ಟುಬಿಟ್ಟಿದ್ದೀರಿ. ಲೆಕ್ಕ ಹಾಕೋಣ, ಅಂಕಿಗಳು ಉದಾಹರಣೆಗಷ್ಟೇ. ಒಂದು ಕೆ.ಜಿ. ನೂಲಿಗೆ ಏಳು ಕೆ.ಜಿ. ಗೂಡು, ಗೂಡಿನ ದರ 500 ರೂಪಾಯಿ ಎನ್ನಿ. ಗೂಡಿಗೆ 3,500, ಕೂಲಿ, ಸೌದೆ, ವಿದ್ಯುತ್ತಿಗೆ 600, ಒಟ್ಟು 4,100. ಶೆಡ್ಡಿನ ಬಾಡಿಗೆ, ಯಂತ್ರದ ಸಾಲದ ಕಂತು ಸೇರಿ ಕೆ.ಜಿ.ಗೆ ಇನ್ನೂ 500. ನೂಲು 4,300ಕ್ಕೆ ಹೋದರೆ 300 ರೂಪಾಯಿ ನಷ್ಟ, ಒಪ್ಪಿದೆ. ಬೀಗ ಹಾಕಿದರೆ? ಬಾಡಿಗೆ, ಕಂತು ತಪ್ಪುವುದಿಲ್ಲ. ಪೂರ್ತಿ 500 ಕೈಯಿಂದ ಹೋಗುತ್ತದೆ. ದರ 4,100ಕ್ಕಿಂತ ಕೆಳಗಿಳಿದಾಗಲೇ ನಿಲ್ಲಿಸುವ ಮಾತು. ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಪ್ಯೂಪಾ (ಕೋಶಾವಸ್ಥೆಯ ಹುಳು) ಮಾರಿ ಬರುವ ಕಾಸನ್ನು ನಾನಿಲ್ಲಿ ಸೇರಿಸಿಯೇ ಇಲ್ಲ. ಹಾಗೆಂದು ಇದು ಸದಾಕಾಲಕ್ಕೆ ಸಲ್ಲುವ ಲೆಕ್ಕವಲ್ಲ: ಬಾಡಿಗೆ ಕರಾರು ಮುಗಿದು, ಹೊಸ ಯಂತ್ರ ಕೊಳ್ಳುವ ಹೊತ್ತಿಗೆ ಆ 500 ಕೂಡ ಹುಟ್ಟಲೇಬೇಕು.

‘ದರ ಇಳಿಸಿ ಹೆಚ್ಚು ಮಾರಲಿ’ ಎಂಬ ಸಲಹೆಯನ್ನು ದಯವಿಟ್ಟು ತೆಗೆದುಹಾಕಿ. ನೂರಾರು ರೀಲರ್‌ಗಳಲ್ಲಿ ಒಬ್ಬರಾದ ಅವರು ದರ ಕಟ್ಟುವವರಲ್ಲ, ಮಾರುಕಟ್ಟೆ ಕೊಟ್ಟ ದರಕ್ಕೆ ಮಾರುವವರು.

ಮತ್ತೆ ಶಿಡ್ಲಘಟ್ಟಕ್ಕೆ ಹೋಗಿ ಬನ್ನಿ. ಹರಾಜಿನಲ್ಲಿ ಕೊಂಡ ಹಸಿ ಗೂಡನ್ನು ಎಷ್ಟು ದಿನ ಇಡಬಹುದೆಂದು ಮಾವನವರನ್ನು ಕೇಳಿ. ಬಿಸಿ ಕೊಟ್ಟು ಒಣಗಿಸದಿದ್ದರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ; ತೂತು ಬಿದ್ದ ಗೂಡಿನಿಂದ ಎಳೆ ಬಿಚ್ಚಲಾಗದು. ಹಾಗಾಗಿ ದರ ಏರಲಿ ಎಂದು ಕಾಯುವುದಕ್ಕೂ ಖರ್ಚಿದೆ. ವಾರ ನಿಲ್ಲಿಸಿದರೆ ಪಳಗಿದ ಕೈಗಳು ಮರಳಿ ಬರುತ್ತವೆಯೇ ಅಥವಾ ಪಕ್ಕದ ಘಟಕ ಸೇರುತ್ತವೆಯೇ? ಶೆಡ್ಡನ್ನು ಬೇರೆಯವರಿಗೆ ಕೊಟ್ಟರೆ ಏನು ಸಿಗುತ್ತಿತ್ತು? ಹೀಗೆ ಕೈಬಿಟ್ಟ ಆದಾಯವನ್ನೇ ನೀವು ‘ಅವಕಾಶ ವೆಚ್ಚ’ ಎಂದು ಅರ್ಧ ಪುಟ ವ್ಯಾಖ್ಯಾನಿಸಿ, ಒಂದೂ ಉದಾಹರಣೆ ಕೊಡದೆ ಬಿಟ್ಟಿದ್ದೀರಿ.

ಮೂರು ಪುಟ ಸಾಕು. ನನ್ನ ಅಂಕಿಗಳನ್ನು ಬಿಟ್ಟು ಮಾವನವರ ಲೆಕ್ಕದ ಪುಸ್ತಕದ ಅಂಕಿ ಹಾಕಿ, ದರದ ಜೊತೆ ದಿನಾಂಕವಿರಲಿ. ಸಾಲದ ವಿಷಯ ಬರುವುದರಿಂದ, ಕಳಿಸುವ ಮೊದಲು ಮಾವನವರಿಗೆ ಒಮ್ಮೆ ಓದಿ ಹೇಳಿ.