ಬಿಲ್ ನಿಧಾನವಾದರೆ ಹೊಸ ಸರ್ವರ್ ಬೇಕೆ?

ಪ್ರಶ್ನೆ: ನಮ್ಮ ಅಡಿಕೆ ಖರೀದಿ ಅಂಗಡಿಯ ಲೆಕ್ಕವೆಲ್ಲ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿದೆ. ಸರ್ವರ್‌ಗೆ 16 ಜಿಬಿ ರ‍್ಯಾಮ್. ಅಡಿಕೆ ಹೆಚ್ಚು ಬರುವ ತಿಂಗಳುಗಳಲ್ಲಿ ಬಿಲ್ ತೆಗೆಯಲು ತುಂಬ ಹೊತ್ತು ಹಿಡಿಯುತ್ತದೆ. ಹೊಸ ಸರ್ವರ್ ಕೊಳ್ಳಬೇಕೆ?
– ಓದುಗರು, ಬದಿಯಡ್ಕ

ಉತ್ತರ: ಸದ್ಯ ಬೇಡ. ಮೊದಲು ಇನ್ನೋಡಿಬಿ ಬಫರ್ ಪೂಲ್ (ಡೇಟಾಬೇಸು ಮಾಹಿತಿಯನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವ ಜಾಗ) ಎಷ್ಟಿದೆ ನೋಡಿ. ಯಾರೂ ಮುಟ್ಟಿರದಿದ್ದರೆ ಬರೀ 128 ಎಂಬಿ ಇರುತ್ತದೆ. ಯಂತ್ರಕ್ಕೆ ಬೇರೆ ಕೆಲಸವಿಲ್ಲದಿದ್ದರೆ 10–11 ಜಿಬಿ ಕೊಡಿ. ಬಿಲ್ಲಿಂಗ್ ತಂತ್ರಾಂಶವೂ ಅಲ್ಲೇ ಓಡುತ್ತಿದ್ದರೆ 6–8 ಸಾಕು. ಅತಿಯಾದರೆ ಯಂತ್ರ ಸ್ವಾಪ್‌ಗೆ (ರ‍್ಯಾಮ್ ಸಾಲದೆ ಡಿಸ್ಕ್ ಬಳಸುವುದಕ್ಕೆ) ಇಳಿದು ಇನ್ನೂ ನಿಧಾನವಾಗುತ್ತದೆ.

ಆಮೇಲೆ ಸ್ಲೋ ಕ್ವೆರಿ ಲಾಗ್ (ಹೆಚ್ಚು ಹೊತ್ತು ಹಿಡಿಯುವ ಕ್ವೆರಿಗಳನ್ನು, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಗಳನ್ನು, ಬರೆದಿಡುವ ಕಡತ) ಹಾಕಿ, ಅದರ 10 ಸೆಕೆಂಡಿನ ಮಿತಿಯನ್ನು 1ಕ್ಕೆ ಇಳಿಸಿ. ಸಿಕ್ಕಿಬಿದ್ದ ಕ್ವೆರಿಗೆ, ಅದು ಹೇಗೆ ಓಡುತ್ತದೆಂದು ತೋರಿಸುವ ಎಕ್ಸ್‌ಪ್ಲೇನ್ ಆಜ್ಞೆ ಕೊಟ್ಟಾಗ ಟೈಪ್ ಕಾಲಮ್ಮಿನಲ್ಲಿ ‘ಆಲ್’ ಬಂದರೆ ಇಡೀ ಟೇಬಲ್ ಓದುತ್ತಿದೆ ಎಂದರ್ಥ. ಹೆಚ್ಚಾಗಿ ಕಳ್ಳ ಇಲ್ಲೇ ಇರುವುದು. ಕೃಷಿಕರ ಸಂಖ್ಯೆ ಮೊದಲು, ತಾರೀಕು ಆಮೇಲೆ ಬರುವಂತೆ ಎರಡಕ್ಕೂ ಸೇರಿಸಿ ಒಂದೇ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಮಾಡಿ. ತಾರೀಕನ್ನು, ಅದರಿಂದ ವರ್ಷ ಮಾತ್ರ ತೆಗೆಯುವ ಇಯರ್ ಫಂಕ್ಷನ್ನಿನೊಳಗೆ ಹಾಕಿ ಹುಡುಕಿದರೆ ಇಂಡೆಕ್ಸಿನ ತಾರೀಕು ಭಾಗ ಉಪಯೋಗಕ್ಕೆ ಬಾರದು. ‘ಏಪ್ರಿಲ್ 1ರಿಂದ, ಮುಂದಿನ ಏಪ್ರಿಲ್ 1ಕ್ಕಿಂತ ಮೊದಲು’ ಎಂದು ಬರೆಸಿ.

ಮ್ಯಾಕ್ಸ್ ಕನೆಕ್ಷನ್ಸ್ (ಡೇಟಾಬೇಸಿಗೆ ಒಮ್ಮೆಗೇ ಇರಬಹುದಾದ ಸಂಪರ್ಕಗಳ ಮಿತಿ) 151ರಿಂದ 1000ಕ್ಕೆ ಏರಿಸಿ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನಿಧಾನದ ಕ್ವೆರಿಗಳು ಒಟ್ಟಿಗೇ ನುಗ್ಗಿ ರ‍್ಯಾಮ್ ತಿನ್ನುತ್ತವೆ, ಅಷ್ಟೆ.