ವಚನಕ್ಕೆ ಅಷ್ಟು ಬೇಗ ಓಡಬೇಡಿ

ಲೇಖಕಿಯವರಿಗೆ ಕ್ರಿಸ್ತನಲ್ಲಿ ವಂದನೆಗಳು.

ನಮ್ಮ ಪತ್ರಿಕೆಗೆ ನೀವು ಕಳಿಸಿದ ಬರಹಗಳನ್ನು ಪೂರ್ತಿ ಓದಿದೆ. ಮನೆಯವರ ಜೊತೆಗಿನ ಸಂಬಂಧ, ನೋಡಿ ಮೆಚ್ಚಿದ ಸಿನಿಮಾಗಳು, ನಿಮ್ಮ ಸ್ವಂತ ಬೆಳವಣಿಗೆ ಎಂದು ಮೂರು ಭಾಗ ಮಾಡಿದ್ದೀರಿ. ಚರ್ಚಿನ ಸಭೆಯಲ್ಲಿ ಕೂತು ನಂಬಿದ್ದನ್ನು ಮನೆಗೆ ಬಂದ ಮೇಲೆ ಬದುಕುವುದು ಹೇಗೆ ಎಂಬ ಪ್ರಶ್ನೆ ಮೂರರಲ್ಲೂ ಇದೆ. ನಿಮ್ಮ ಭಾಷೆ ಸರಳವಾಗಿದೆ. ಪ್ರಸಂಗ ಮಾಡುವ ಬೋಧಕರ ದನಿ ಇಲ್ಲ. ಇಂಥ ಬರವಣಿಗೆ ಕನ್ನಡದಲ್ಲಿ ಜಾಸ್ತಿ ಬರಬೇಕು ಎಂದು ನನಗೆ ನಿಜವಾಗಿಯೂ ಆಸೆ ಇದೆ. ಆದರೂ ಈಗಿರುವ ರೂಪದಲ್ಲಿ ಇವನ್ನು ಪ್ರಕಟಿಸಲಾರೆ. ಯಾಕೆ ಎಂದು ಬಿಡಿಸಿ ಹೇಳುವುದು ನನ್ನ ಕರ್ತವ್ಯ.

ನಿಮ್ಮ ಬರಹ ಕಷ್ಟದ ಜಾಗಕ್ಕೆ ಬಂದ ಕೂಡಲೇ ಬೈಬಲಿನ ಒಂದು ವಚನ ಬರುತ್ತದೆ. ಅಲ್ಲಿಗೆ ಬರಹ ಮುಗಿಯುತ್ತದೆ. ಹೆಚ್ಚುಕಡಿಮೆ ಎಲ್ಲದರಲ್ಲೂ ಹೀಗೇ ಆಗಿದೆ.

ಅಣ್ಣನ ಕುರಿತು ಬರೆದದ್ದನ್ನೇ ತೆಗೆದುಕೊಳ್ಳಿ. ಅಪ್ಪ ಹಾಸಿಗೆ ಹಿಡಿದಿದ್ದಾಗ ಅಣ್ಣ ಏನೋ ಒಂದು ಮಾತು ಆಡಿದರು. ಅದಾದ ಮೇಲೆ ವರ್ಷಗಟ್ಟಲೆ ನಿಮ್ಮಿಬ್ಬರಿಗೂ ಮಾತಿಲ್ಲ. ಇಷ್ಟನ್ನು ಎಷ್ಟು ಚೆನ್ನಾಗಿ ಬರೆದಿದ್ದೀರಿ! ಅಪ್ಪನ ಅಂತ್ಯಕ್ರಿಯೆಯ ದಿನ ಒಂದೇ ಸಾಲಿನಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡದೇ ಇದ್ದದ್ದನ್ನು ಓದುವಾಗ ನನಗೆ ಗಂಟಲು ಕಟ್ಟಿತು. ಮುಂದಿನ ಪ್ಯಾರಾದಲ್ಲಿ ಕ್ಷಮೆಯ ಬಗ್ಗೆ ಒಂದು ಪ್ರಸಂಗ ಕೇಳುತ್ತೀರಿ, ಏಳೆಪ್ಪತ್ತು ಸಾರಿ ಕ್ಷಮಿಸು ಎಂಬ ಯೇಸುವಿನ ಮಾತು ನೆನಪಾಗುತ್ತದೆ, ಫೋನ್ ಮಾಡುತ್ತೀರಿ, ಇಬ್ಬರೂ ಅಳುತ್ತೀರಿ. ಎಲ್ಲ ಸರಿಹೋಯಿತು.

ನಿಜವಾಗಿ ಅಷ್ಟು ಬೇಗ ಸರಿಹೋಯಿತಾ? ನಾನು ನಿಮ್ಮನ್ನು ಅನುಮಾನಿಸುತ್ತಿಲ್ಲ. ಫೋನ್ ಮಾಡಿದ್ದು ದೊಡ್ಡ ಹೆಜ್ಜೆಯೇ. ಆದರೆ ಅಣ್ಣ ಆಡಿದ ಮಾತು ಏನು ಎಂದು ನೀವು ಎಲ್ಲೂ ಹೇಳಿಲ್ಲ. ಫೋನಿನಲ್ಲಿ ಮೊದಲು ಬಾಯಿ ಬಿಟ್ಟವರು ಯಾರು? ಅವರು ತಪ್ಪು ಒಪ್ಪಿಕೊಂಡರಾ, ಇಲ್ಲ ಹಳೆಯದೆಲ್ಲ ಬಿಡು ಎಂದು ಮಾತು ಬದಲಿಸಿದರಾ? ಮುಂದಿನ ಸಲ ಅವರ ಮನೆಗೆ ಹೋದಾಗ ಅತ್ತಿಗೆ ಮೊದಲಿನ ಹಾಗೆ ಮಾತಾಡಿಸಿದರಾ? ಓದುವವರಿಗೆ ಬೇಕಾದದ್ದು ಇದು. ತಮ್ಮ ಮನೆಯಲ್ಲೂ ಇಂಥದ್ದೊಂದು ಜಗಳ ಇಟ್ಟುಕೊಂಡು ಅವರು ನಿಮ್ಮನ್ನು ಓದುತ್ತಾರೆ.

ಬೈಬಲಿನ ಆದಿಕಾಂಡದ ಯೋಸೇಫನ ಕಥೆಯನ್ನು ಮತ್ತೆ ಓದಿ ನೋಡಿ, ಈ ಸಲ ಬರಹಗಾರ್ತಿಯಾಗಿ. ಅಣ್ಣಂದಿರು ಅವನನ್ನು ಮಾರಿಬಿಟ್ಟಿದ್ದರು. ಬರಗಾಲದಲ್ಲಿ ಅವರು ದವಸ ಕೊಳ್ಳಲು ಐಗುಪ್ತಕ್ಕೆ (ಈಜಿಪ್ಟಿಗೆ) ಬಂದು, ಅಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಅವನ ಮುಂದೆಯೇ ಗುರುತು ಸಿಗದೆ ಬಗ್ಗುತ್ತಾರೆ. ಅದು 42ನೇ ಅಧ್ಯಾಯ. ಅವನು ತಾನು ಯಾರೆಂದು ಹೇಳುವುದು 45ರಲ್ಲಿ. ಆ ನಡುವೆ ಏನೇನು ಆಗುತ್ತದೆ! ಗಡುಸಾಗಿ ಮಾತಾಡುತ್ತಾನೆ. ಅಣ್ಣಂದಿರಲ್ಲಿ ಒಬ್ಬನಾದ ಸಿಮೆಯೋನನನ್ನು ಹಿಡಿದಿಟ್ಟುಕೊಳ್ಳುತ್ತಾನೆ. ಅವರ ಹಣವನ್ನು ಅವರ ಚೀಲಗಳಲ್ಲೇ ವಾಪಸ್ ಇಡಿಸುತ್ತಾನೆ. ಆಚೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬರುತ್ತಾನೆ. ಎಲ್ಲರಿಗಿಂತ ಕಿರಿಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ತನ್ನ ಬೆಳ್ಳಿಯ ಪಾತ್ರೆ ಇಡಿಸುತ್ತಾನೆ. ತಮ್ಮನ ಬದಲು ನಾನೇ ಗುಲಾಮನಾಗಿ ಇರುತ್ತೇನೆ ಎಂದು ಅಣ್ಣ ಯೆಹೂದ ಬೇಡಿಕೊಳ್ಳುತ್ತಾನೆ. ಯೋಸೇಫನನ್ನು ಮಾರೋಣ ಎಂದು ಸಲಹೆ ಕೊಟ್ಟಿದ್ದವನೂ ಇದೇ ಯೆಹೂದ. ಅವನ ಮಾತು ಕೇಳಿದ ಮೇಲೆ ಯೋಸೇಫನಿಗೆ ತಡೆದುಕೊಳ್ಳಲು ಆಗುವುದಿಲ್ಲ.

ಅಪ್ಪಿಕೊಂಡು ಅತ್ತ ಮೇಲೂ ಕಥೆ ಮುಗಿಯುವುದಿಲ್ಲ. ತಂದೆ ಯಾಕೋಬ ಐಗುಪ್ತದಲ್ಲಿ 17 ವರ್ಷ ಬದುಕಿ ತೀರಿಕೊಳ್ಳುತ್ತಾನೆ. ಆಗ ಅಣ್ಣಂದಿರಿಗೆ ಭಯ: ಅಪ್ಪ ಇರುವವರೆಗೆ ಸುಮ್ಮನಿದ್ದ, ಇನ್ನು ಸೇಡು ತೀರಿಸಿಕೊಂಡರೆ? ಅದನ್ನು ಕೇಳಿ ಯೋಸೇಫ ಮತ್ತೆ ಅಳುತ್ತಾನೆ. ಅಂದರೆ ಅವನು ಕ್ಷಮಿಸಿ 17 ವರ್ಷವಾಗಿದ್ದರೂ ಅವರಿಗೆ ಅದನ್ನು ನಂಬಲು ಆಗಿರಲಿಲ್ಲ. ನಿಮ್ಮ ಅಣ್ಣನ ಬರಹದಲ್ಲಿ ನಾನು ಹುಡುಕಿದ್ದು ಈ 17 ವರ್ಷವನ್ನು. ನಿಮ್ಮ ವಿಷಯದಲ್ಲಿ ಅದು ಕೆಲವೇ ತಿಂಗಳು ಇರಬಹುದು. ಬರೆಯಿರಿ.

ಇನ್ನು ಸ್ನೇಹಿತೆಯ ವಿಷಯ. ಈ ಬರಹವನ್ನು ನಾನು ಯಾವ ರೂಪದಲ್ಲೂ ಹಾಕುವುದಿಲ್ಲ. ಗಂಡ ಹೊಡೆಯುತ್ತಾನೆ ಎಂದು ಆಕೆ ನಿಮ್ಮ ಹತ್ತಿರ ಹೇಳಿಕೊಂಡರು. ಪ್ರೀತಿ ಎಲ್ಲವನ್ನೂ ಸಹಿಸಿಕೊಳ್ಳುತ್ತದೆ ಎಂಬ ವಚನ ತೋರಿಸಿ ಪ್ರಾರ್ಥನೆ ಮಾಡಲು ಹೇಳಿದಿರಿ. ನಿಮ್ಮ ಮನಸ್ಸು ಒಳ್ಳೆಯದೇ, ಅದರಲ್ಲಿ ಸಂದೇಹವಿಲ್ಲ. ಆದರೆ ಇದು ಅಪಾಯದ ಸಲಹೆ. ಅಪೊಸ್ತಲ ಪೌಲ ಆ ಮಾತು ಬರೆದದ್ದು ಕೊರಿಂಥ ಪಟ್ಟಣದ ಸಭೆಗೆ. ತಾನು ದೊಡ್ಡವನು, ದೇವರು ತನಗೆ ಕೊಟ್ಟ ವರ ದೊಡ್ಡದು ಎಂದು ಪೈಪೋಟಿಗೆ ಬಿದ್ದಿದ್ದವರಿಗೆ. ಏಟು ತಿನ್ನುತ್ತಿರುವ ಒಬ್ಬ ಹೆಂಗಸಿಗೆ ಬರೆದದ್ದಲ್ಲ. ಅದರ ಹಿಂದಿನ ಸಾಲಿನಲ್ಲೇ ಪ್ರೀತಿ ಅನ್ಯಾಯದಲ್ಲಿ ಸಂತೋಷಪಡುವುದಿಲ್ಲ, ಸತ್ಯದಲ್ಲಿ ಸಂತೋಷಪಡುತ್ತದೆ ಎಂದಿದೆ. ನೀವು ಆ ಸಾಲು ಬಿಟ್ಟಿದ್ದೀರಿ.

ನಿಮಗೆ ಇಷ್ಟವಾದ ಏಳೆಪ್ಪತ್ತರ ಮಾತು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ, ಅಲ್ವಾ? ಅದೇ ಅಧ್ಯಾಯದಲ್ಲಿ, ಅದಕ್ಕಿಂತ ಸ್ವಲ್ಪ ಮೊದಲು, ಯೇಸು ಇನ್ನೊಂದು ದಾರಿ ಹೇಳುತ್ತಾನೆ. ಸಹೋದರ ತಪ್ಪು ಮಾಡಿದರೆ ಹೋಗಿ ಅವನಿಗೆ ಹೇಳು. ಕೇಳದಿದ್ದರೆ ಒಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಕ್ಷಮೆಯ ಮಾತು ಬರುವ ಮೊದಲೇ ತಪ್ಪನ್ನು ಬೆಳಕಿಗೆ ತರುವ ಮಾತು ಬಂದಿದೆ. ಹೊಡೆತ ತಿನ್ನುವವರು ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು. ಕಾನೂನಿನ ಸಹಾಯ ಕೇಳುವುದು ನಂಬಿಕೆಯ ಕೊರತೆ ಆಗುವುದಿಲ್ಲ. ಕ್ಷಮಿಸುವುದು, ಹೊಡೆಯುವವನ ಕೈಗೆ ಸಿಗುವಂತೆ ಇರುವುದು ಎರಡೂ ಬೇರೆ ಬೇರೆ. ದಯವಿಟ್ಟು ಈ ಬರಹವನ್ನು ಬೇರೆ ಯಾವ ಪತ್ರಿಕೆಗೂ ಕಳಿಸಬೇಡಿ. ಅದಕ್ಕಿಂತ ಮುಖ್ಯವಾಗಿ, ಆ ಸ್ನೇಹಿತೆಯನ್ನು ಇನ್ನೊಮ್ಮೆ ಹೋಗಿ ನೋಡಿ.

ಸಿನಿಮಾ ಭಾಗಕ್ಕೆ ಬರುತ್ತೇನೆ. ಸೇಡಿನ ಕಥೆಯ ಸಿನಿಮಾ ಒಂದನ್ನು ನೋಡಿ, ಸೇಡು ತಪ್ಪು, ಮುಯ್ಯಿ ತೀರಿಸುವುದು ದೇವರ ಕೆಲಸ ಎಂದು ಬರೆದಿದ್ದೀರಿ. ಇದು ಸಿನಿಮಾ ನೋಡದವರಿಗೂ ಗೊತ್ತು. ಥಿಯೇಟರಿನಲ್ಲಿ ನಿಮಗೆ ಏನಾಯಿತು? ಖಳನಾಯಕ ಬಿದ್ದಾಗ ಖುಷಿಯಾಯಿತಾ? ಎಲ್ಲರ ಜೊತೆ ಚಪ್ಪಾಳೆ ಹೊಡೆದಿರಾ? ಬರಹದ ಕೊನೆಯಲ್ಲಿ ಇವತ್ತಿನ ಯುವಕರು ಹೀಗೆ, ಸಮಾಜ ಹೀಗೆ ಎಂದು ಬೆರಳು ಹೊರಗೆ ತೋರಿಸಿದ್ದೀರಿ.

ಬೇರೊಬ್ಬನ ಹೆಂಡತಿಯನ್ನು ಕಿತ್ತುಕೊಂಡಿದ್ದ ದಾವೀದ ರಾಜನ ಹತ್ತಿರ ನಾತಾನ ಪ್ರವಾದಿ ಹೋದಾಗ ನೇರವಾಗಿ ಬೈಯಲಿಲ್ಲ. ಒಂದು ಕಥೆ ಹೇಳಿದ. ಬೇಕಾದಷ್ಟು ಕುರಿಗಳಿದ್ದ ಶ್ರೀಮಂತ, ಒಂದೇ ಒಂದು ಕುರಿಮರಿ ಸಾಕಿಕೊಂಡಿದ್ದ ಬಡವ. ಶ್ರೀಮಂತ ಆ ಒಂದನ್ನೂ ಕಿತ್ತುಕೊಂಡ. ಕೇಳುತ್ತಿದ್ದಂತೆ ದಾವೀದನಿಗೆ ಸಿಟ್ಟು ನೆತ್ತಿಗೇರಿತು, ಅವನು ಸಾಯಬೇಕು ಎಂದುಬಿಟ್ಟ. ಆಗ ನಾತಾನ ಹೇಳಿದ್ದು, ಆ ಮನುಷ್ಯ ನೀನೇ ಎಂದು. ಕಥೆ ಕೇಳುವವನನ್ನೇ ಹಿಡಿದುಹಾಕಿತು. ಸಿನಿಮಾದ ಬಗ್ಗೆ ನಂಬಿಕೆಯಿಂದ ಬರೆಯುವುದಾದರೆ ನೀವೂ ಹಾಗೆ ಸಿಕ್ಕಿಹಾಕಿಕೊಂಡ ಗಳಿಗೆಯಿಂದ ಶುರು ಮಾಡಿ.

ಈ ಭಾಗದಲ್ಲಿ ಚೆನ್ನಾಗಿ ಬಂದಿರುವುದು 1981ರ 'ಚಾರಿಯಟ್ಸ್ ಆಫ್ ಫೈರ್' ಕುರಿತ ಬರಹ. ಭಾನುವಾರ ದೇವರ ದಿನ, ಓಡುವುದಿಲ್ಲ ಎಂದ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ನಿಮಗೆ ತುಂಬಾ ಹಿಡಿಸಿದ್ದಾರೆ. ನನಗೂ ಅವರೆಂದರೆ ಬಹಳ ಗೌರವ. ಆದರೆ ನೀವು ಸಿನಿಮಾವನ್ನೇ ಚರಿತ್ರೆ ಎಂದುಕೊಂಡಿದ್ದೀರಿ. ಹಡಗು ಹತ್ತುವ ಹೊತ್ತಿನಲ್ಲಿ ಓಟ ಭಾನುವಾರ ಎಂದು ತಿಳಿಯಿತು, ಒಂದೇ ಕ್ಷಣದಲ್ಲಿ ನಿರ್ಧಾರ ಮಾಡಿದರು, ದೇವರು ಹೀಗೆ ಹಠಾತ್ತಾಗಿ ಪರೀಕ್ಷಿಸುತ್ತಾನೆ ಎಂದು ಬರೆದಿದ್ದೀರಿ. ಹಡಗಿನ ಆ ದೃಶ್ಯ ಸಿನಿಮಾದವರು ಕಟ್ಟಿದ್ದು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನ 100 ಮೀಟರ್ ಹೀಟ್ಸ್ (ಆರಂಭದ ಸುತ್ತಿನ ಓಟಗಳು) ಭಾನುವಾರ ಬಿದ್ದಿದೆ ಎಂದು ಲಿಡೆಲ್‌ಗೆ ತಿಂಗಳುಗಳ ಮೊದಲೇ ಗೊತ್ತಿತ್ತು. ಅವರು ಆಗಲೇ ಬೇಡ ಎಂದರು. ಆಮೇಲೆ 400 ಮೀಟರಿಗೆ ತಯಾರಿ ನಡೆಸಿದರು. 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು.

ಇದು ಗೊತ್ತಾದರೆ ನಿಮ್ಮ ಬರಹದ ತಿರುಳೇ ಬದಲಾಗುತ್ತದೆ. ಒಂದು ಕ್ಷಣದ ಧೈರ್ಯದ ಜಾಗದಲ್ಲಿ ತಿಂಗಳುಗಟ್ಟಲೆ ಮೈ ಬಗ್ಗಿಸಿದ ಕೆಲಸ ಬಂದು ನಿಲ್ಲುತ್ತದೆ. ಜನ ಏನಂತಾರೋ ಎಂಬುದನ್ನು ದಿನವೂ ಹೊತ್ತುಕೊಂಡು ಅಭ್ಯಾಸ ಮಾಡುವುದು, ಗೆಲ್ಲುತ್ತೇನೆಂಬ ಖಾತ್ರಿ ಇಲ್ಲದ ಓಟಕ್ಕೆ ತಯಾರಾಗುವುದು. ನಿಮ್ಮ ಮೂರನೇ ಭಾಗ ಬೆಳವಣಿಗೆಯ ಬಗ್ಗೆ ತಾನೇ? ಅದಕ್ಕೆ ಬೇಕಾದ ಉದಾಹರಣೆ ಇಲ್ಲಿಯೇ ಇತ್ತು. ಓಡುವಾಗ ದೇವರ ಸಂತೋಷ ಅನುಭವಕ್ಕೆ ಬರುತ್ತದೆ ಎಂಬ ಮಾತನ್ನು ಲಿಡೆಲ್ ಹೇಳಿದ್ದು ಎಂದು ಹಾಕಿದ್ದೀರಿ. ಅದು ಚಿತ್ರಕಥೆಯ ಸಾಲು, ಹಾಗೆಂದೇ ಹೇಳಿ. ತಂಗಿ ಜೆನ್ನಿ ಅಣ್ಣನ ಓಟಕ್ಕೆ ಅಡ್ಡಿ ಹೇಳುವುದೂ ಸಿನಿಮಾದ ಕಲ್ಪನೆ. ನಿಜ ಜೀವನದ ತಂಗಿ ಅದನ್ನು ವಿರೋಧಿಸಿರಲಿಲ್ಲ. ನಂಬುವ ಮನೆಯವರೇ ಹೇಗೆ ತಡೆಯುತ್ತಾರೆ ನೋಡಿ ಎಂದು ಆಕೆಯ ಮೇಲೆ ಒಂದು ಪುಟ ಬರೆದಿದ್ದೀರಿ. ಪಾಪ, ಆಕೆಗೆ ಅನ್ಯಾಯವಾಗುತ್ತದೆ.

ಸಿನಿಮಾ ಬಿಡಿಸಿ ಹೇಳದ ಇನ್ನೊಂದು ಸಂಗತಿ ಇದೆ. ಲಿಡೆಲ್ ಮುಂದೆ ಚೀನಾಕ್ಕೆ ಮಿಷನರಿಯಾಗಿ ಹೋದರು. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಅವರನ್ನು ವೈಶಿಯನ್ ಶಿಬಿರದಲ್ಲಿ ಕೂಡಿಹಾಕಿದರು. 1945ರಲ್ಲಿ, ಬಿಡುಗಡೆಗೆ ಕೆಲವು ತಿಂಗಳ ಮೊದಲು, ಮೆದುಳಿನ ಗೆಡ್ಡೆಯಿಂದ ಅಲ್ಲೇ ತೀರಿಕೊಂಡರು. ಆ ಶಿಬಿರದಲ್ಲಿ ಮಕ್ಕಳು ಭಾನುವಾರ ಹಾಕಿ ಆಡಲು ಹೋಗಿ ಜಗಳಕ್ಕೆ ಬಿದ್ದರು. ಮೊದಲು ಭಾನುವಾರದ ಆಟ ಬೇಡ ಎಂದಿದ್ದ ಲಿಡೆಲ್, ಜಗಳ ತಪ್ಪಿಸಲು ತಾವೇ ಹೋಗಿ ಭಾನುವಾರ ರೆಫರಿಯಾಗಿ ನಿಂತರು. ಜೊತೆಗಿದ್ದವರು ಇದನ್ನು ನೆನಪಿಸಿಕೊಂಡಿದ್ದಾರೆ. ಒಲಿಂಪಿಕ್ ಪದಕಕ್ಕಾಗಿ ಬಿಡದ ನಿಯಮವನ್ನು ಮಕ್ಕಳಿಗಾಗಿ ಸಡಿಲ ಮಾಡಿದರು. ನಂಬಿಕೆ ಸಂಬಂಧದೊಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಘಟನೆ ಎಲ್ಲಿ ಸಿಗಬೇಕು? ನಿಮ್ಮ ಬರಹಕ್ಕೆ ಇದೇ ನಡುಗಂಬ ಆಗಲಿ.

ಬೆಳವಣಿಗೆಯ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಕೆಲಸ ಸಿಕ್ಕಿದ್ದು, ಬಡ್ತಿ ಸಿಕ್ಕಿದ್ದು, ಭಯ ಹೋದದ್ದು ಎಲ್ಲಕ್ಕೂ ಯೆರೆಮೀಯ 29:11 ಆಧಾರ. ನಿಮ್ಮ ಕುರಿತ ನನ್ನ ಯೋಚನೆಗಳು ಹಿತದ ಯೋಚನೆಗಳೇ ಎಂದು ದೇವರು ಹೇಳುವ ವಚನ. ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರದ ಮಾತು. ಅದಕ್ಕೂ ಮೊದಲಿನ ಸಾಲಿನಲ್ಲಿ 70 ವರ್ಷ ಕಳೆದ ಮೇಲೆ ವಾಪಸ್ ಕರೆತರುತ್ತೇನೆ ಎಂದಿದೆ. ಪತ್ರ ಕೇಳಿಸಿಕೊಂಡ ಎಷ್ಟೋ ಜನ ಊರು ನೋಡದೇ ಸತ್ತಿರಬೇಕು. ಅವರಿಗೆ ಹೇಳಿದ್ದು ಮನೆ ಕಟ್ಟಿ, ತೋಟ ಮಾಡಿ, ಮದುವೆಯಾಗಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು. ಈ ವಚನವನ್ನು ಬಡ್ತಿಯ ಪಕ್ಕದಲ್ಲಿ ಇಟ್ಟರೆ ಬಡ್ತಿ ಸಿಗದವರಿಗೆ ಏನು ಉತ್ತರ ಕೊಡುತ್ತೀರಿ?

ಪೌಲನಿಗೆ ಮೈಯಲ್ಲಿ ಒಂದು ಮುಳ್ಳು ಇತ್ತು. ಅದನ್ನು ತೆಗೆದುಬಿಡು ಎಂದು ಮೂರು ಸಾರಿ ಬೇಡಿಕೊಂಡ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಮುಳ್ಳು ಹೋಗಲಿಲ್ಲ. ನಿಮ್ಮ ಬರಹಗಳಲ್ಲಿ ಇನ್ನೂ ಹೋಗದ ಒಂದು ಮುಳ್ಳಾದರೂ ಕಾಣಬೇಕಿತ್ತು. ಒಂದು ಕಡೆ ಮಾತ್ರ ಕಾಣುತ್ತದೆ: ಪ್ರಾರ್ಥನೆ ಮುಗಿಸಿ ಎದ್ದ ಕೂಡಲೇ ಮಗಳ ಮೇಲೆ ರೇಗುತ್ತೇನೆ ಎಂದು ಅರ್ಧ ಸಾಲು ಬರೆದು ಬಿಟ್ಟುಬಿಟ್ಟಿದ್ದೀರಿ. ಇಡೀ ಭಾಗದಲ್ಲಿ ನನಗೆ ನೆನಪಿನಲ್ಲಿ ಉಳಿದದ್ದು ಆ ಅರ್ಧ ಸಾಲು. ಅದರ ಮೇಲೆ ಒಂದು ಬರಹ ಬರೆಯಿರಿ, ಪರಿಹಾರ ಕೊಡಲೇಬೇಕು ಎಂದುಕೊಳ್ಳದೆ. ಯೇಸು ಹೇಳಿದ ದುಂದುಗಾರ ಮಗನ ಕಥೆಯಲ್ಲಿ, ಆಸ್ತಿ ಹಾಳುಮಾಡಿ ವಾಪಸ್ ಬಂದ ತಮ್ಮನಿಗೆ ಅಪ್ಪ ಔತಣ ಮಾಡಿಸಿದ ಎಂದು ಹಿರಿಯ ಮಗ ಸಿಟ್ಟು ಮಾಡಿಕೊಂಡು ಹೊರಗೇ ನಿಂತಿದ್ದಾನೆ. ಅಪ್ಪ ಬಂದು ಬೇಡಿಕೊಳ್ಳುತ್ತಾನೆ. ಮಗ ಒಳಗೆ ಹೋದನೋ ಇಲ್ಲವೋ ಯೇಸು ಹೇಳುವುದಿಲ್ಲ. ನೀವೂ ಹಾಗೆ ನಿಲ್ಲಿಸಬಹುದು.

ಕೆಲಸದ ಮಾತು ಇಷ್ಟು. ಲಿಡೆಲ್ ಬರಹವನ್ನು ತಿದ್ದಿ ಕಳಿಸಿ, ಸಿನಿಮಾ ಯಾವುದು, ನಡೆದದ್ದು ಯಾವುದು ಎಂದು ಬೇರೆ ಮಾಡಿ. ಮಗಳ ಕುರಿತ ಬರಹ ನಿಧಾನವಾಗಿ ಬರಲಿ. ಯಾವುದಾದರೂ ವಚನ ಬಳಸುವ ಮೊದಲು ಆ ಅಧ್ಯಾಯವನ್ನು ಪೂರ್ತಿ ಓದಿ, ಸಾಧ್ಯವಾದರೆ ಅದರ ಹಿಂದಿನದನ್ನೂ ಮುಂದಿನದನ್ನೂ. ವಚನ ತೆಗೆದರೂ ಬರಹ ನಿಲ್ಲುತ್ತದಾ ಎಂದು ಒಮ್ಮೆ ನೋಡಿ. ನಿಂತರೆ ಆಗ ವಚನ ಸೇರಿಸಿ.

ಅಣ್ಣನ ಕುರಿತದ್ದನ್ನು ನಾನು ಎಲ್ಲಕ್ಕಿಂತ ಹೆಚ್ಚು ಕಾಯುತ್ತೇನೆ. ಆದರೆ ಅದನ್ನು ನನಗೆ ಕಳಿಸುವ ಮೊದಲು ಅವರಿಗೆ ಓದಲು ಕೊಡಿ. ನಡೆದದ್ದು ಹಾಗಲ್ಲ ಎಂದು ಅವರು ಹೇಳಿದರೆ ಅವರ ಮಾತನ್ನೂ ಬರಹದಲ್ಲಿ ಸೇರಿಸಿ. ಪ್ರಕಟಿಸುವುದೇ ಬೇಡ ಎಂದರೆ ನಾವು ಹಾಕುವುದಿಲ್ಲ.